ಸಿ ಭಾಷೆಯ ಆರ್ಗಾನ್2 ಲೈಬ್ರರಿಯನ್ನು ಬ್ರೌಸರ್ ಎಕ್ಸ್‌ಟೆನ್ಶನ್‌ಗಾಗಿ ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಮಾಡಿದೆ. ಮೆಮೊರಿ ಸಾಲದೆ ನಿಂತುಹೋಗುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬರೆಯುತ್ತಿರುವ ಎಕ್ಸ್‌ಟೆನ್ಶನ್ ಚಿಕ್ಕದು. ಬಳಕೆದಾರರ ಖಾಸಗಿ ಟಿಪ್ಪಣಿಗಳನ್ನು ಒಂದು ಮುಖ್ಯ ಪಾಸ್‌ವರ್ಡ್‌ನ ಆಧಾರದ ಮೇಲೆ ಎನ್‌ಕ್ರಿಪ್ಟ್ ಮಾಡಿ ಅವರ ಕಂಪ್ಯೂಟರಿನಲ್ಲಿಯೇ ಇಡುವುದಷ್ಟೇ ಅದರ ಕೆಲಸ. ಪಾಸ್‌ವರ್ಡ್‌ನಿಂದ ಕೀಲಿಯನ್ನು ತಯಾರಿಸಲು ಆರ್ಗಾನ್2ಐಡಿ ವಿಧಾನವನ್ನು ಆರಿಸಿಕೊಂಡಿದ್ದೇನೆ. ಆರ್ಗಾನ್2ರ ವಿವರಣೆಯಾಗಿ 2021ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 9106 ದಾಖಲೆಯು ಮೆಮೊರಿ ಕಡಿಮೆ ಇರುವ ಸಂದರ್ಭಗಳಿಗೆ ಸೂಚಿಸುವ ಅಳತೆಗಳನ್ನೇ ಇಟ್ಟುಕೊಂಡಿದ್ದೇನೆ: 64 ಮೆಬಿಬೈಟ್ ಮೆಮೊರಿ, ಮೂರು ಸುತ್ತು, ನಾಲ್ಕು ಲೇನ್ (ಜೊತೆಜೊತೆಗೆ ನಡೆಸಬಹುದಾದ ಲೆಕ್ಕದ ಸಾಲುಗಳು), 16 ಬೈಟ್‌ಗಳ ಸಾಲ್ಟ್ (ಪಾಸ್‌ವರ್ಡ್‌ನೊಡನೆ ಬೆರೆಸುವ ಯಾದೃಚ್ಛಿಕ ಬೈಟ್‌ಗಳು), 32 ಬೈಟ್‌ಗಳ ಫಲಿತಾಂಶ.

ಆರ್ಗಾನ್2ರ ಮೂಲ ಸಿ ಕೋಡನ್ನು ಸಿ ಕೋಡನ್ನು ಬ್ರೌಸರಿಗೆ ತರುವ ಎಮ್‌ಸ್ಕ್ರಿಪ್ಟನ್ ಕಂಪೈಲರ್‌ನಿಂದ ಕಂಪೈಲ್ ಮಾಡಿದಾಗ ಮೊದಲು ವೆಬ್‌ಅಸೆಂಬ್ಲಿ (ಬ್ರೌಸರ್ ನಡೆಸಬಲ್ಲ ಬೈನರಿ ಕೋಡ್) ಫೈಲ್ ಸಿಕ್ಕಿತು. ಅದನ್ನು ಎಕ್ಸ್‌ಟೆನ್ಶನ್ನಿನಲ್ಲಿ ಲೋಡ್ ಮಾಡಲು ಹೋದರೆ ಯಾವ ಕೋಡು ನಡೆಯಬಹುದೆಂದು ನಿರ್ಧರಿಸುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯನ್ನು ಉಲ್ಲಂಘಿಸಿದೆ ಎಂಬ ದೋಷ ಬಂದಿತು. ಹಾಗಾಗಿ ವೆಬ್‌ಅಸೆಂಬ್ಲಿಯನ್ನು ಕೈಬಿಟ್ಟು, ‘ವಾಸ್ಮ್ = 0’ ಎಂಬ ಆಯ್ಕೆಯೊಂದಿಗೆ ಶುದ್ಧ ಜಾವಾಸ್ಕ್ರಿಪ್ಟ್‌ಗೇ ಕಂಪೈಲ್ ಮಾಡಿದೆ. ಈಗ ಫೈಲ್ ಲೋಡ್ ಆಗುತ್ತದೆ, ಆದರೆ ಕೀಲಿ ತಯಾರಿಸುವ ಫಂಕ್ಷನ್ನನ್ನು ಕರೆದ ತಕ್ಷಣ ಮೆಮೊರಿ ಸಾಲದು ಎಂದು ಇಡೀ ಪ್ರೋಗ್ರಾಮ್ ಅಲ್ಲೇ ನಿಂತುಬಿಡುತ್ತದೆ. ಇದೇ ಕೋಡ್ ಲಿನಕ್ಸ್‌ನಲ್ಲಿ ಒಂದಿಷ್ಟೂ ತೊಂದರೆ ಕೊಡುವುದಿಲ್ಲ. ಮೆಮೊರಿಯ ಅಳತೆಯನ್ನು 8 ಮೆಬಿಬೈಟ್‌ಗೆ ಇಳಿಸಿದರೆ ಬ್ರೌಸರಿನಲ್ಲಿಯೂ ನಡೆಯುತ್ತದೆ, ಆದರೆ ಭದ್ರತೆಯನ್ನು ತಗ್ಗಿಸಿ ಕೆಲಸ ಮುಗಿಸಲು ನನಗೆ ಮನಸ್ಸಿಲ್ಲ. ದಾರಿ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ಎಮ್‌ಸ್ಕ್ರಿಪ್ಟನ್ ತಾನಾಗಿಯೇ ಕೊಡುವ ಆರಂಭದ ಮೆಮೊರಿ 16 ಮೆಬಿಬೈಟ್ ಮಾತ್ರ, ಮತ್ತು ಬೇರೆ ಸೂಚನೆ ಕೊಡದಿದ್ದರೆ ಅದು ಬೆಳೆಯುವುದೂ ಇಲ್ಲ. ಅಷ್ಟರಲ್ಲಿ 64 ಮೆಬಿಬೈಟ್ ಕೇಳಿದರೆ ಮೆಮೊರಿಯಲ್ಲಿ ಜಾಗ ಕೊಡುವ ಮ್ಯಾಲಕ್ ಫಂಕ್ಷನ್ ಸೋಲುತ್ತದೆ, ಮೆಮೊರಿ ಬೆಳೆಯಲು ಅನುಮತಿ ಇಲ್ಲದಿರುವಾಗ ಮ್ಯಾಲಕ್ ಸೋತರೆ ಪ್ರೋಗ್ರಾಮನ್ನೇ ನಿಲ್ಲಿಸುವುದು ಎಮ್‌ಸ್ಕ್ರಿಪ್ಟನ್‌ನ ವಾಡಿಕೆ. ‘ಅಲೋ ಮೆಮೊರಿ ಗ್ರೋತ್’ ಎಂಬ ಆಯ್ಕೆಯನ್ನು ಸೇರಿಸಿ ಕಂಪೈಲ್ ಮಾಡಿದರೆ ಈ ದೋಷ ಹೋಗುತ್ತದೆ. ಜೊತೆಗೆ ಆರ್ಗಾನ್2ರ ಮೂಲ ಕೋಡ್ ನಾಲ್ಕು ಲೇನ್‌ಗಳಿಗೆ ನಾಲ್ಕು ಥ್ರೆಡ್‌ಗಳನ್ನು ತೆರೆಯಲು ನೋಡುತ್ತದೆ, ಆದ್ದರಿಂದ ‘ಆರ್ಗಾನ್2 ನೋ ಥ್ರೆಡ್ಸ್’ ಎಂಬ ಮ್ಯಾಕ್ರೋವನ್ನೂ ಕೊಡಿ. ಆಗ ಲೇನ್‌ಗಳ ಲೆಕ್ಕ ಒಂದಾದ ಮೇಲೊಂದರಂತೆ ನಡೆಯುತ್ತದೆ. ಥ್ರೆಡ್ ಇಲ್ಲವೆಂದು ಲೇನ್‌ಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಬೇಡಿ, ಏಕೆಂದರೆ ಆ ಸಂಖ್ಯೆಯೂ ಫಲಿತಾಂಶದಲ್ಲಿ ಬೆರೆಯುತ್ತದೆ. ಅದನ್ನು ಬದಲಿಸಿದರೆ ಕೀಲಿಯೇ ಬೇರೆಯಾಗುತ್ತದೆ.

ನನಗೆ ಒಪ್ಪಿಗೆಯಾಗದಿರುವುದು ಶುದ್ಧ ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಮಾಡುವ ನಿಮ್ಮ ನಿರ್ಧಾರ. ಆರ್ಗಾನ್2 ಒಳಗೊಳಗೇ ಏನು ಮಾಡುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. 64 ಮೆಬಿಬೈಟ್ ಎಂದರೆ ತಲಾ 1024 ಬೈಟ್‌ಗಳ 65,536 ಬ್ಲಾಕ್‌ಗಳು, ಮೂರು ಸುತ್ತಿಗೆ 1,96,608 ಬಾರಿ ಬ್ಲಾಕ್ ತುಂಬಬೇಕು. ಒಂದು ಬ್ಲಾಕನ್ನು ತುಂಬಲು 512 ಗುಣಾಕಾರಗಳು ಬೇಕು, ಅಂದರೆ ಒಟ್ಟು ಸುಮಾರು ಹತ್ತು ಕೋಟಿ ಗುಣಾಕಾರಗಳು. ಪ್ರತಿಯೊಂದೂ ಎರಡು 32 ಬಿಟ್ ಸಂಖ್ಯೆಗಳನ್ನು ಗುಣಿಸಿ 64 ಬಿಟ್ ಉತ್ತರವನ್ನು ಪೂರ್ತಿಯಾಗಿ ಕೇಳುವಂಥದ್ದು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯು 53 ಬಿಟ್‌ಗಳವರೆಗೆ ಮಾತ್ರ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿದಿಡಬಲ್ಲದು, ಅದರ 32 ಬಿಟ್ ಗುಣಾಕಾರದ ಫಂಕ್ಷನ್ನಾದ ಮ್ಯಾಥ್ ಐಮುಲ್ ಕೆಳಗಿನ 32 ಬಿಟ್‌ಗಳನ್ನಷ್ಟೇ ಕೊಡುತ್ತದೆ. ಹಾಗಾಗಿ ಕಂಪೈಲರ್ ಪ್ರತಿಯೊಂದು 64 ಬಿಟ್ ಸಂಖ್ಯೆಯನ್ನೂ ಎರಡು ಅರ್ಧಗಳಾಗಿ ಸೀಳಿ, ಗುಣಾಕಾರವನ್ನು ಇನ್ನಷ್ಟು ಚಿಕ್ಕ ತುಂಡುಗಳಲ್ಲಿ ಮಾಡಿ, ದಶಕ ಒಯ್ಯುವ ಕೆಲಸವನ್ನೆಲ್ಲ ಬಿಡಿಬಿಡಿಯಾಗಿ ಬರೆಯುತ್ತದೆ. ವೆಬ್‌ಅಸೆಂಬ್ಲಿಯಲ್ಲಿ ಇದೇ ಕೆಲಸಕ್ಕೆ ಒಂದೇ ಸೂಚನೆ ಸಾಕು. ಚಿತ್ರ ಬಿಚ್ಚುವ ಅಥವಾ ಪಠ್ಯ ಓದುವ ಕೋಡಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಆದರೆ 64 ಬಿಟ್ ಗುಣಾಕಾರವೇ ಉಸಿರಾಗಿರುವ ಕೋಡನ್ನು ಜಾವಾಸ್ಕ್ರಿಪ್ಟ್‌ಗೆ ಇಳಿಸುವುದು ಬಳಕೆದಾರರ ಸಮಯವನ್ನು ಸುಮ್ಮನೆ ಸುಟ್ಟಂತೆ.

ಎಮ್‌ಸ್ಕ್ರಿಪ್ಟನ್ ಹುಟ್ಟಿದಾಗ ಜಾವಾಸ್ಕ್ರಿಪ್ಟ್ ಬಿಟ್ಟರೆ ಬೇರೆ ಗುರಿಯೇ ಇರಲಿಲ್ಲ ಎಂಬುದು ನಿಜ. 2013ರಲ್ಲಿ ಫೈರ್‌ಫಾಕ್ಸ್ 22 ಆವೃತ್ತಿಯೊಂದಿಗೆ ಬಂದ ಆಸ್ಮ್.ಜೆಎಸ್ ಕೂಡ ಜಾವಾಸ್ಕ್ರಿಪ್ಟ್‌ನ ಒಂದು ಬಿಗಿಯಾದ ಉಪಭಾಷೆಯೇ. ಆದರೆ 2017ರಿಂದ ಪ್ರಮುಖ ಬ್ರೌಸರ್‌ಗಳೆಲ್ಲ ವೆಬ್‌ಅಸೆಂಬ್ಲಿಯನ್ನು ನಡೆಸುತ್ತಿವೆ, 2019ರ ಡಿಸೆಂಬರ್‌ನಲ್ಲಿ ಅದು ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಶಿಫಾರಸು ಕೂಡ ಆಯಿತು. ಇಂದು ‘ವಾಸ್ಮ್ = 0’ ಎಂದರೆ ಕಂಪೈಲರ್ ಮೊದಲು ವೆಬ್‌ಅಸೆಂಬ್ಲಿಯನ್ನೇ ತಯಾರಿಸಿ, ನಂತರ ಬೈನರಿಯನ್ ಎಂಬ ಉಪಕರಣದಿಂದ ಅದನ್ನು ಜಾವಾಸ್ಕ್ರಿಪ್ಟ್‌ಗೆ ತಿರುಗಿಸುತ್ತದೆ.

ನಿಮಗೆ ಬಂದ ದೋಷಕ್ಕೆ ಪರಿಹಾರ ಸರಳವಾಗಿದೆ. ಎಕ್ಸ್‌ಟೆನ್ಶನ್ನಿನ ವಿವರಗಳಿರುವ ಮ್ಯಾನಿಫೆಸ್ಟ್ ಫೈಲಿನ ಮೂರನೆಯ ಆವೃತ್ತಿಯಲ್ಲಿ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯ ‘ಎಕ್ಸ್‌ಟೆನ್ಶನ್ ಪೇಜಸ್’ ಭಾಗದಲ್ಲಿ, ಸ್ಕ್ರಿಪ್ಟ್ ಮೂಲಗಳ ಸಾಲಿಗೆ ‘ವಾಸ್ಮ್-ಅನ್‌ಸೇಫ್-ಇವ್ಯಾಲ್’ ಎಂಬ ಪದವನ್ನು ಸೇರಿಸಿ. ಹೆಸರಿನಲ್ಲಿ ‘ಅನ್‌ಸೇಫ್’ ಎಂದಿದ್ದರೂ ಅದು ವೆಬ್‌ಅಸೆಂಬ್ಲಿಯ ಕಂಪೈಲ್‌ಗೆ ಮಾತ್ರ ಅನುಮತಿ ಕೊಡುತ್ತದೆ, ಪಠ್ಯವನ್ನೇ ಕೋಡಾಗಿ ನಡೆಸುವ ಜಾವಾಸ್ಕ್ರಿಪ್ಟ್‌ನ ಇವ್ಯಾಲ್‌ಗೆ ಬಾಗಿಲು ತೆರೆಯುವುದಿಲ್ಲ. ಎಮ್‌ಸ್ಕ್ರಿಪ್ಟನ್ ಹುಟ್ಟಿಸುವ ಕೋಡು ಎಲ್ಲಿಯೂ ಇವ್ಯಾಲ್ ಬಳಸದಂತೆ ‘ಡೈನಾಮಿಕ್ ಎಕ್ಸಿಕ್ಯೂಶನ್ = 0’ ಎಂದೂ ಕೊಡಿ.

ಪ್ರಶ್ನಿಸಿದವರು

ತುಂಬಾ ಉಪಕಾರವಾಯಿತು. ಮೆಮೊರಿ ಬೆಳೆಯುವ ಆಯ್ಕೆಯನ್ನೂ ಥ್ರೆಡ್ ಬೇಡವೆನ್ನುವ ಮ್ಯಾಕ್ರೋವನ್ನೂ ಸೇರಿಸಿದೆ, ಪ್ರೋಗ್ರಾಮ್ ನಿಲ್ಲುವುದು ತಪ್ಪಿತು. ವೆಬ್‌ಅಸೆಂಬ್ಲಿಗೆ ಮರಳುವ ಮುನ್ನ ಇರುವುದನ್ನೇ ಒಮ್ಮೆ ಪರೀಕ್ಷಿಸೋಣ ಎಂದು ಜಾವಾಸ್ಕ್ರಿಪ್ಟ್ ರೂಪವನ್ನೇ ಉಳಿಸಿಕೊಂಡಿದ್ದೆ. ನೀವು ಹೇಳಿದಂತೆ ಅದು ಬಹಳ ನಿಧಾನ. ಆದರೆ ಅದಕ್ಕಿಂತ ಗಂಭೀರವಾದದ್ದೊಂದು ಕಂಡಿತು, ಅದನ್ನು ನೋಡಿದ ಮೇಲೆ ನನಗೆ ನೆಮ್ಮದಿ ಇಲ್ಲ.

ಒಂದು ಪಾಸ್‌ವರ್ಡ್ ಕೊಟ್ಟು ಟಿಪ್ಪಣಿಯನ್ನು ಎನ್‌ಕ್ರಿಪ್ಟ್ ಮಾಡಿದೆ. ಬ್ರೌಸರನ್ನು ಮುಚ್ಚಿ ತೆರೆದು ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟೆ. ಟಿಪ್ಪಣಿ ತೆರೆದುಕೊಂಡಿತು. ಬೇರೆ ಬೇರೆ ಪಾಸ್‌ವರ್ಡ್‌ಗಳನ್ನು ಕೊಟ್ಟು ನೋಡಿದೆ, ಪ್ರತಿ ಬಾರಿಯೂ ತೆರೆದುಕೊಂಡಿತು. ಆರ್ಗಾನ್2ರ ಫಂಕ್ಷನ್ ಹಿಂದಿರುಗಿಸುವುದು ಸೊನ್ನೆಯನ್ನೇ, ಅಂದರೆ ಎಲ್ಲವೂ ಸರಿಯಿದೆ ಎಂಬ ಸಂಕೇತವನ್ನೇ. ಪಾಸ್‌ವರ್ಡ್, ಸಾಲ್ಟ್, ಫಲಿತಾಂಶ ಮೂರಕ್ಕೂ ಮ್ಯಾಲಕ್‌ನಿಂದ ಜಾಗ ಪಡೆದು, ಫಲಿತಾಂಶದ ಜಾಗದ ಮೇಲೆ ಹೀಪ್‌ಯು8ನ ಸಬ್‌ಅರೇ ಒಂದನ್ನು ಮಾಡಿಟ್ಟುಕೊಂಡು, ನಂತರ ಫಂಕ್ಷನ್ನನ್ನು ಕರೆದು, ಕೊನೆಗೆ ಆ ಸಬ್‌ಅರೇಯಿಂದ 32 ಬೈಟ್‌ಗಳನ್ನು ಓದುತ್ತಿದ್ದೇನೆ. ಇದರಲ್ಲಿ ಎಲ್ಲಿ ಎಡವಿದ್ದೇನೆ?

ಉತ್ತರ 2

ಆ 32 ಬೈಟ್‌ಗಳನ್ನು ಒಮ್ಮೆ ಕನ್ಸೋಲ್‌ನಲ್ಲಿ ಮುದ್ರಿಸಿ ನೋಡಿ. ಎಲ್ಲವೂ ಸೊನ್ನೆ ಆಗಿರುತ್ತವೆ ಎಂದು ನನ್ನ ಊಹೆ. ಯಾವ ಪಾಸ್‌ವರ್ಡ್ ಕೊಟ್ಟರೂ ನಿಮ್ಮ ಕೀಲಿ ಸೊನ್ನೆಗಳ ಸಾಲೇ ಆಗಿರುವುದರಿಂದ ಪ್ರತಿ ಬಾರಿಯೂ ಟಿಪ್ಪಣಿ ತೆರೆದುಕೊಳ್ಳುತ್ತಿದೆ.

ನಡೆದದ್ದು ಇಷ್ಟು. ಕಂಪೈಲ್ ಆದ ಸಿ ಕೋಡಿಗೆ ಮೆಮೊರಿ ಎಂದರೆ ಒಂದು ದೊಡ್ಡ ಅರೇಬಫರ್. ಪಾಯಿಂಟರ್ ಎಂದರೆ ಅದರೊಳಗಿನ ಒಂದು ಕ್ರಮಸಂಖ್ಯೆ ಮಾತ್ರ. ಹೀಪ್‌ಯು8 ಎಂಬುದು ಆ ಬಫರನ್ನು ಬೈಟ್‌ಗಳಾಗಿ ನೋಡುವ ಕಿಟಕಿ. ನೀವು ಸಬ್‌ಅರೇ ಮಾಡಿದಾಗ ಬಫರ್ 16 ಮೆಬಿಬೈಟ್‌ನದಾಗಿತ್ತು. ಫಂಕ್ಷನ್ನನ್ನು ಕರೆದ ಮೇಲೆ ಒಳಗಡೆ ಆರ್ಗಾನ್2 ತನ್ನ 64 ಮೆಬಿಬೈಟ್ ಕೇಳಿತು, ಹಳೆಯ ಬಫರಿನಲ್ಲಿ ಅಷ್ಟು ಜಾಗವಿಲ್ಲದ್ದರಿಂದ ಹೊಸದೊಂದು ದೊಡ್ಡ ಬಫರ್ ಹುಟ್ಟಿ, ಹಳೆಯದರಲ್ಲಿದ್ದುದೆಲ್ಲ ಅದಕ್ಕೆ ನಕಲಾಯಿತು. ಎಮ್‌ಸ್ಕ್ರಿಪ್ಟನ್ ತನ್ನ ಹೀಪ್‌ಯು8 ಅನ್ನು ಹೊಸ ಬಫರಿನತ್ತ ತಿರುಗಿಸಿಕೊಂಡಿತು. ನಿಮ್ಮ ಕೈಯಲ್ಲಿದ್ದ ಸಬ್‌ಅರೇ ಮಾತ್ರ ಹಳೆಯ ಬಫರನ್ನೇ ನೋಡುತ್ತಾ ಉಳಿಯಿತು. ನಿಜವಾದ ಕೀಲಿ ಹೊಸ ಮನೆಯಲ್ಲಿದೆ, ನೀವು ಖಾಲಿಯಾದ ಹಳೆಯ ಮನೆಯ ಕಿಟಕಿಯಲ್ಲಿ ಇಣುಕುತ್ತಿದ್ದೀರಿ.

ಇಲ್ಲಿ ಜಾವಾಸ್ಕ್ರಿಪ್ಟ್‌ಗೂ ವೆಬ್‌ಅಸೆಂಬ್ಲಿಗೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವೆಬ್‌ಅಸೆಂಬ್ಲಿಯ ಮೆಮೊರಿ ಬೆಳೆದಾಗ ಹಳೆಯ ಬಫರನ್ನು ಬ್ರೌಸರೇ ಬೇರ್ಪಡಿಸಿಬಿಡುತ್ತದೆ, ಅದರ ಮೇಲಿದ್ದ ಪ್ರತಿಯೊಂದು ಸಬ್‌ಅರೇಯ ಉದ್ದವೂ ಸೊನ್ನೆಯಾಗುತ್ತದೆ. ಅದರಿಂದ ಕೀಲಿ ಮಾಡಲು ಹೋದರೆ ಕೀಲಿಯ ಉದ್ದ ಸರಿಯಿಲ್ಲ ಎಂದು ಬ್ರೌಸರಿನ ಎನ್‌ಕ್ರಿಪ್ಶನ್ ಸೌಲಭ್ಯವಾದ ವೆಬ್ ಕ್ರಿಪ್ಟೋ ತಕ್ಷಣ ದೂರುತ್ತದೆ, ನಿಮಗೆ ತಪ್ಪು ಅಂದೇ ಗೊತ್ತಾಗುತ್ತದೆ. ಜಾವಾಸ್ಕ್ರಿಪ್ಟ್ ರೂಪದಲ್ಲಿ ಹಳೆಯ ಬಫರ್ ಒಂದು ಸಾಮಾನ್ಯ ಅರೇಬಫರ್ ಆಗಿ ಹಾಗೆಯೇ ಉಳಿದು, ಅದರಲ್ಲಿ ಬರೆಯದೆ ಉಳಿದ ಸೊನ್ನೆಗಳನ್ನು ಸದ್ದಿಲ್ಲದೆ ನಿಮ್ಮ ಕೈಗೆ ಕೊಡುತ್ತದೆ. ಒಂದೇ ತಪ್ಪು, ಒಂದು ಕಡೆ ಕೂಗಿ ಹೇಳುತ್ತದೆ, ಇನ್ನೊಂದು ಕಡೆ ಮೌನವಾಗಿ ಟಿಪ್ಪಣಿಗಳನ್ನೆಲ್ಲ ಬಯಲಿಗಿಡುತ್ತದೆ. ಮೊದಲ ಉತ್ತರ ಬರೆದವರು ವೇಗದ ಕಾರಣಕ್ಕೆ ವೆಬ್‌ಅಸೆಂಬ್ಲಿಯನ್ನು ಸೂಚಿಸಿದರು, ನಾನು ಈ ಕಾರಣಕ್ಕೂ ಅದನ್ನೇ ಸೂಚಿಸುತ್ತೇನೆ.

ಸಬ್‌ಅರೇಗಳನ್ನು ಕೂಡಿಟ್ಟುಕೊಳ್ಳಬೇಡಿ. ಪಾಯಿಂಟರನ್ನು ಮಾತ್ರ ಇಟ್ಟುಕೊಂಡು, ಫಂಕ್ಷನ್ ಮುಗಿದ ಮೇಲೆ ಆ ಕ್ಷಣದ ಹೀಪ್‌ಯು8ನಿಂದ ಸ್ಲೈಸ್ ಮಾಡಿ ನಕಲು ತೆಗೆದುಕೊಳ್ಳಿ. ಮೂರು ಬಾರಿ ಮ್ಯಾಲಕ್ ಕರೆಯುತ್ತೀರಲ್ಲ, ಅವುಗಳ ನಡುವೆಯೂ ಮೆಮೊರಿ ಬೆಳೆಯಬಹುದು, ಆದ್ದರಿಂದ ಪಾಸ್‌ವರ್ಡನ್ನೂ ಸಾಲ್ಟನ್ನೂ ಬರೆಯುವುದು ಮೂರೂ ಮ್ಯಾಲಕ್‌ಗಳು ಮುಗಿದ ನಂತರವೇ ಆಗಲಿ. ಆರಂಭದ ಮೆಮೊರಿಯನ್ನೇ 80 ಮೆಬಿಬೈಟ್‌ನಷ್ಟು ಕೊಟ್ಟು ಬೆಳೆಯುವುದನ್ನು ನಿಷೇಧಿಸುವುದು ಇನ್ನೊಂದು ದಾರಿ. ನಿಮ್ಮ ಅಳತೆಗಳು ಬದಲಾಗುವುದಿಲ್ಲ ಎಂದಾದರೆ ನನಗೆ ಅದೇ ಹೆಚ್ಚು ಇಷ್ಟ. ಮೆಮೊರಿ ಎಂದೂ ಜಾಗ ಬದಲಿಸದಿದ್ದರೆ ಈ ಬಗೆಯ ತಪ್ಪು ಹುಟ್ಟುವುದೇ ಇಲ್ಲ.

ಉತ್ತರ 3

ಚರ್ಚೆಯನ್ನು ಓದುತ್ತಿರುವಾಗ ಮೂಲ ಪ್ರಶ್ನೆಯೊಂದು ಏಳುತ್ತದೆ: ಈ ಕೋಡನ್ನು ಬ್ರೌಸರಿನೊಳಗೆ ತರಲೇಬೇಕೇ? ಹಿಂದೆ ನೇಟಿವ್ ಕೋಡನ್ನು ಬ್ರೌಸರಿಗೆ ಸೇರಿಸಲು ಎನ್‌ಪಿಎಪಿಐ ಪ್ಲಗಿನ್‌ಗಳಿದ್ದವು. ಕ್ರೋಮ್ 2015ರಲ್ಲಿ 45ನೆಯ ಆವೃತ್ತಿಯಿಂದ ಅವನ್ನು ಪೂರ್ತಿ ತೆಗೆದುಹಾಕಿತು, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ 52ನೆಯ ಆವೃತ್ತಿಯಿಂದ ಫ್ಲಾಶ್ ಒಂದನ್ನು ಬಿಟ್ಟು ಉಳಿದವುಗಳಿಗೆ ಬೆಂಬಲ ನಿಲ್ಲಿಸಿತು. ಗೂಗಲ್‌ನ ನೇಟಿವ್ ಕ್ಲೈಂಟ್ ಕೂಡ ವೆಬ್‌ಅಸೆಂಬ್ಲಿಗೆ ಜಾಗ ಬಿಟ್ಟುಕೊಟ್ಟಿತು. ಆದರೆ ನೇಟಿವ್ ಮೆಸೇಜಿಂಗ್ ಎಂಬ ದಾರಿ ಈಗಲೂ ತೆರೆದಿದೆ. ನಿಮ್ಮ ಸಿ ಕೋಡು ಪ್ರತ್ಯೇಕ ಪ್ರೋಗ್ರಾಮ್ ಆಗಿ ಬ್ರೌಸರಿನ ಹೊರಗೆ ನಡೆಯುತ್ತದೆ, ಎಕ್ಸ್‌ಟೆನ್ಶನ್ ಅದರೊಡನೆ ಸ್ಟ್ಯಾಂಡರ್ಡ್ ಇನ್‌ಪುಟ್ ಮತ್ತು ಔಟ್‌ಪುಟ್‌ಗಳ ಮೂಲಕ ಜೇಸನ್ ಸಂದೇಶಗಳಲ್ಲಿ ಮಾತನಾಡುತ್ತದೆ, ಪ್ರತಿ ಸಂದೇಶದ ಮುಂದೆ ನಾಲ್ಕು ಬೈಟ್‌ಗಳಲ್ಲಿ ಅದರ ಉದ್ದವಿರುತ್ತದೆ. ಪ್ರೋಗ್ರಾಮಿನಿಂದ ಬರುವ ಒಂದು ಸಂದೇಶಕ್ಕೆ 1 ಮೆಗಾಬೈಟ್ ಮಿತಿಯಿದೆ, 32 ಬೈಟ್‌ಗಳ ಕೀಲಿಗೆ ಅದು ಧಾರಾಳವಾಯಿತು. ನಾಲ್ಕು ಥ್ರೆಡ್‌ಗಳೂ ಸಿಗುತ್ತವೆ, ಪ್ರೊಸೆಸರಿನ ವೆಕ್ಟರ್ ಸೂಚನೆಗಳೂ ಸಿಗುತ್ತವೆ, ಈ ಬಫರ್‌ಗಳ ಗೋಜೂ ಇರುವುದಿಲ್ಲ. ಪಾಸ್‌ವರ್ಡ್‌ಗಳನ್ನು ಕಾಪಿಡುವ ತಂತ್ರಾಂಶವಾದ ಕೀಪಾಸ್‌ಎಕ್ಸ್‌ಸಿ ತನ್ನ ಎಕ್ಸ್‌ಟೆನ್ಶನ್ನಿನೊಡನೆ ಮಾತನಾಡುವುದು ಇದೇ ದಾರಿಯಲ್ಲಿ.

ಉತ್ತರ 1 ಬರೆದವರು

ನೇಟಿವ್ ಮೆಸೇಜಿಂಗ್ ಒಳ್ಳೆಯ ಸಾಧನ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಈ ಕೆಲಸಕ್ಕೆ ಅದು ಹೊರಲಾರದ ಭಾರ. ಕೀಪಾಸ್‌ಎಕ್ಸ್‌ಸಿ ಎಂಬುದು ಮೊದಲೇ ಕಂಪ್ಯೂಟರಿನಲ್ಲಿ ನೆಲೆಸಿರುವ ಪೂರ್ಣ ಪ್ರಮಾಣದ ತಂತ್ರಾಂಶ, ಎಕ್ಸ್‌ಟೆನ್ಶನ್ ಅದರ ಕೈ ಮಾತ್ರ. ಇಲ್ಲಿ ಪ್ರಶ್ನಿಸಿದವರ ಬಳಿ ಇರುವುದು ಎಕ್ಸ್‌ಟೆನ್ಶನ್ ಒಂದೇ. ಒಂದು ಫಂಕ್ಷನ್ನಿಗಾಗಿ ಅವರು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಪ್ರತ್ಯೇಕ ಇನ್‌ಸ್ಟಾಲರ್ ಮಾಡಬೇಕು, ವಿಂಡೋಸ್‌ನಲ್ಲಿ ರಿಜಿಸ್ಟ್ರಿಯಲ್ಲಿ ನಮೂದಿಸಬೇಕು, ಪ್ರತಿ ಬ್ರೌಸರಿಗೂ ಹೋಸ್ಟ್ ಮ್ಯಾನಿಫೆಸ್ಟ್ ಇಡಬೇಕು, ಎರಡೂ ಬದಿಯ ಆವೃತ್ತಿಗಳು ಹೊಂದಿಕೊಳ್ಳುವಂತೆ ಕಾಯಬೇಕು. ಬಳಕೆದಾರರು ಎಕ್ಸ್‌ಟೆನ್ಶನ್ ಹಾಕಿಕೊಂಡ ಮೇಲೆ ಇನ್ನೊಂದು ಪ್ರೋಗ್ರಾಮನ್ನೂ ಇಳಿಸಿಕೊಳ್ಳಿ ಎಂದರೆ ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದಕ್ಕಿಂತಲೂ ಮುಖ್ಯವಾಗಿ, ವೆಬ್‌ಅಸೆಂಬ್ಲಿಯೊಳಗಿನ ಸಿ ಕೋಡಿನಲ್ಲಿ ಬಫರ್ ಮೀರುವ ತಪ್ಪೊಂದಿದ್ದರೆ ಅದು ಕೆಡಿಸುವುದು ತನ್ನ ಮೆಮೊರಿಯನ್ನು ಮಾತ್ರ, ಹೊರಗಿನ ಪ್ರೋಗ್ರಾಮಿನಲ್ಲಿ ಅದೇ ತಪ್ಪಿದ್ದರೆ ಬಳಕೆದಾರರ ಇಡೀ ಖಾತೆಯೇ ಅಪಾಯದಲ್ಲಿರುತ್ತದೆ. ಕ್ಯಾಮೆರಾ, ಮುದ್ರಣಯಂತ್ರ, ಸ್ಮಾರ್ಟ್ ಕಾರ್ಡ್ ಓದುವ ಉಪಕರಣ ಇಂಥವುಗಳ ಚಾಲಕ ತಂತ್ರಾಂಶವೇ ಬೇಕಾದಾಗ ನೇಟಿವ್ ಮೆಸೇಜಿಂಗ್ ಸರಿ. ಬೈಟ್‌ಗಳನ್ನು ತೆಗೆದುಕೊಂಡು ಬೈಟ್‌ಗಳನ್ನು ಕೊಡುವ ಶುದ್ಧ ಲೆಕ್ಕಕ್ಕೆ ಕಂಪೈಲ್ ಮಾಡುವ ದಾರಿಯೇ ಸರಿ.

ಉತ್ತರ 4

ಪ್ರಶ್ನಿಸಿದವರು ಪಾಸ್‌ವರ್ಡನ್ನು ಸಿ ಕೋಡಿಗೆ ಹೇಗೆ ಕಳುಹಿಸುತ್ತಿದ್ದಾರೆ ಎಂಬುದನ್ನು ಯಾರೂ ಕೇಳಲಿಲ್ಲ. ಆರ್ಗಾನ್2ರ ಫಂಕ್ಷನ್ ಪಾಸ್‌ವರ್ಡ್‌ನ ಪಾಯಿಂಟರನ್ನೂ ಅದರ ಉದ್ದವನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಆ ಉದ್ದಕ್ಕೆ ಜಾವಾಸ್ಕ್ರಿಪ್ಟ್ ಸ್ಟ್ರಿಂಗ್‌ನ ‘ಲೆಂತ್’ ಕೊಟ್ಟಿದ್ದರೆ ದಯವಿಟ್ಟು ಇಂದೇ ಬದಲಿಸಿ. ಇಂಗ್ಲಿಷ್ ಅಕ್ಷರಗಳಿಂದ ಪರೀಕ್ಷಿಸಿದವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಹಾಗಲ್ಲ.

ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗ್ ಯುಟಿಎಫ್-16, ಸಿ ಕೋಡಿಗೆ ನಾವು ಕೊಡುವುದು ಯುಟಿಎಫ್-8. ‘ಕನ್ನಡ’ ಎಂಬ ಪದದ ಲೆಂತ್ 5: ಕ, ನ, ಹಲಂತದ ಚಿಹ್ನೆ (್), ಮತ್ತೆ ನ, ಡ. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 15. ಉದ್ದ 5 ಎಂದು ಹೇಳಿದರೆ ಆರ್ಗಾನ್2 ಮೊದಲ ಐದು ಬೈಟ್‌ಗಳನ್ನಷ್ಟೇ ಓದುತ್ತದೆ, ಅಂದರೆ ‘ಕ’ದ ಮೂರು ಬೈಟ್‌ಗಳು ಮತ್ತು ‘ನ’ದ ಮೊದಲ ಎರಡು. ಕನ್ನಡದ ವ್ಯಂಜನಗಳೆಲ್ಲ ಯುಟಿಎಫ್-8ರಲ್ಲಿ ಒಂದೇ ಎರಡು ಬೈಟ್‌ಗಳಿಂದ ಆರಂಭವಾಗುತ್ತವೆ (ಈಗ ಬಳಕೆಯಲ್ಲಿಲ್ಲದ ೞದಂಥ ಹಳೆಯ ಅಕ್ಷರಗಳು ಹೊರತು), ವ್ಯತ್ಯಾಸವಿರುವುದು ಮೂರನೆಯ ಬೈಟ್‌ನಲ್ಲಿ. ಹಾಗಾಗಿ ‘ಕನ್ನಡ’ ಎಂಬ ಪಾಸ್‌ವರ್ಡಿಗೂ ‘ಕಮಲಗಳ’ ಎಂಬ ಪಾಸ್‌ವರ್ಡಿಗೂ ನಿಮ್ಮ ಎಕ್ಸ್‌ಟೆನ್ಶನ್ ಒಂದೇ ಕೀಲಿಯನ್ನು ಕೊಡುತ್ತದೆ. ಎರಡರ ಲೆಂತ್ ಕೂಡ 5, ಮೊದಲ ಐದು ಬೈಟ್‌ಗಳೂ ಒಂದೇ. ತನ್ನ ಭಾಷೆಯಲ್ಲಿ ಪಾಸ್‌ವರ್ಡ್ ಬರೆಯುವವರ ರಹಸ್ಯ ಮೂರನೆಯ ಒಂದು ಭಾಗಕ್ಕೆ ಕುಗ್ಗಿಹೋಗುತ್ತದೆ, ಅದು ಅವರಿಗೆ ತಿಳಿಯುವ ಬಗೆಯೂ ಇಲ್ಲ.

ಟೆಕ್ಸ್ಟ್‌ಎನ್‌ಕೋಡರ್ ಬಳಸಿ ಮೊದಲು ಬೈಟ್‌ಗಳ ಅರೇ ಪಡೆಯಿರಿ, ಮ್ಯಾಲಕ್‌ಗೂ ಉದ್ದಕ್ಕೂ ಆ ಅರೇಯ ಲೆಂತನ್ನೇ ಕೊಡಿ. ಎನ್‌ಕೋಡ್ ಮಾಡುವ ಮುನ್ನ ಸ್ಟ್ರಿಂಗನ್ನು ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಏಕರೂಪಕ್ಕೆ ನಾರ್ಮಲೈಸ್ ಮಾಡುವುದನ್ನೂ ಮರೆಯಬೇಡಿ. ‘ಕೊ’ ಎಂಬುದನ್ನು ಒಂದು ಕೀಬೋರ್ಡ್ ಒಕಾರದ ಒಂದೇ ಚಿಹ್ನೆಯಾಗಿ ಕೊಡಬಹುದು, ಇನ್ನೊಂದು ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿ ಕೊಡಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟ್‌ಗಳು ಬೇರೆ. ಬೇರೊಂದು ಕೀಬೋರ್ಡಿನಿಂದ ಅದೇ ಪಾಸ್‌ವರ್ಡ್ ಬರೆದವರಿಗೆ ತಮ್ಮ ಟಿಪ್ಪಣಿಗಳೇ ತೆರೆಯದಂತಾಗುತ್ತದೆ.

ಪ್ರಶ್ನಿಸಿದವರು

ಎರಡನೆಯ ಉತ್ತರದ ಊಹೆ ನಿಜವಾಗಿತ್ತು, 32 ಸೊನ್ನೆಗಳೇ ಮುದ್ರಿತವಾದವು. ನಾಲ್ಕನೆಯ ಉತ್ತರದಲ್ಲಿ ಹೇಳಿದ ತಪ್ಪನ್ನೂ ನಾನು ಮಾಡಿದ್ದೆ. ಇದನ್ನು ಜನರ ಕೈಗೆ ಕೊಡುವ ಮೊದಲೇ ಇಲ್ಲಿ ಕೇಳಿದ್ದು ಒಳ್ಳೆಯದಾಯಿತು. ಈಗ ವೆಬ್‌ಅಸೆಂಬ್ಲಿಗೆ ಬದಲಾಯಿಸಿದ್ದೇನೆ, ಆರಂಭದ ಮೆಮೊರಿಯನ್ನು 80 ಮೆಬಿಬೈಟ್‌ಗೆ ನಿಲ್ಲಿಸಿದ್ದೇನೆ.

ಉಳಿದದ್ದು ಇದನ್ನು ಎಲ್ಲಿ ನಡೆಸಬೇಕು ಎಂಬ ಪ್ರಶ್ನೆ. ಎಕ್ಸ್‌ಟೆನ್ಶನ್ನಿನ ಹಿನ್ನೆಲೆಯಲ್ಲಿ ನಡೆಯುವ ಸರ್ವಿಸ್ ವರ್ಕರ್‌ನಲ್ಲಿ ಇಟ್ಟರೆ ಸ್ವಲ್ಪ ಹೊತ್ತಿನ ನಂತರ ಕೀಲಿಯೇ ಮಾಯವಾಗಿರುತ್ತದೆ. ಪ್ರತಿ ಪುಟದಲ್ಲಿ ನಡೆಯುವ ಕಂಟೆಂಟ್ ಸ್ಕ್ರಿಪ್ಟ್‌ನಲ್ಲಿಯೇ ಇಡಬಹುದೇ?

ಉತ್ತರ 2 ಬರೆದವರು

ಕಂಟೆಂಟ್ ಸ್ಕ್ರಿಪ್ಟ್‌ನಲ್ಲಿ ಖಂಡಿತ ಬೇಡ. ತೆರೆದಿರುವ ಪ್ರತಿ ಟ್ಯಾಬಿಗೂ 80 ಮೆಬಿಬೈಟ್ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಪಾಸ್‌ವರ್ಡನ್ನೂ ಕೀಲಿಯನ್ನೂ ನಿಮಗೆ ಗೊತ್ತಿಲ್ಲದ ಪುಟಗಳ ಪಕ್ಕದಲ್ಲಿ ತಂದು ಕೂರಿಸಿದಂತಾಗುತ್ತದೆ.

ಕ್ರೋಮ್‌ನ ಸರ್ವಿಸ್ ವರ್ಕರ್ 30 ಸೆಕೆಂಡ್ ಕೆಲಸವಿಲ್ಲದೆ ಕುಳಿತರೆ ಬ್ರೌಸರ್ ಅದನ್ನು ನಿಲ್ಲಿಸುತ್ತದೆ. ಅದರ ಜಾಗತಿಕ ಚರಗಳೂ ವೆಬ್‌ಅಸೆಂಬ್ಲಿಯ ಮೆಮೊರಿಯೂ ಅದರೊಡನೆಯೇ ಹೋಗುತ್ತವೆ. ಅದಲ್ಲದೆ ಸರ್ವಿಸ್ ವರ್ಕರ್‌ನ ಒಳಗಿನಿಂದ ಬೇರೆ ಥ್ರೆಡ್‌ನಲ್ಲಿ ನಡೆಯುವ ಸಾಮಾನ್ಯ ವೆಬ್ ವರ್ಕರ್ ಒಂದನ್ನು ಹುಟ್ಟಿಸಲು ಬರುವುದಿಲ್ಲ, ಆದ್ದರಿಂದ ಆರ್ಗಾನ್2ರ ಲೆಕ್ಕ ನಡೆಯುವಷ್ಟು ಹೊತ್ತು ಎಕ್ಸ್‌ಟೆನ್ಶನ್ನಿನ ಬೇರೆಲ್ಲ ಘಟನೆಗಳೂ ಸಾಲಿನಲ್ಲಿ ಕಾಯಬೇಕಾಗುತ್ತದೆ. ಪಾಪ್‌ಅಪ್‌ನಲ್ಲಿ ಇಟ್ಟರೆ ಬಳಕೆದಾರರು ಹೊರಗೆ ಒಮ್ಮೆ ಕ್ಲಿಕ್ ಮಾಡಿದ ಕೂಡಲೇ ಅದು ಮುಚ್ಚಿಕೊಂಡು ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಕ್ರೋಮ್ 109ರಿಂದ ಬಂದಿರುವ ಆಫ್‌ಸ್ಕ್ರೀನ್ ಡಾಕ್ಯುಮೆಂಟ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದು ಕಣ್ಣಿಗೆ ಕಾಣದ ಒಂದು ಎಕ್ಸ್‌ಟೆನ್ಶನ್ ಪುಟ, ಅದರೊಳಗೆ ವೆಬ್ ವರ್ಕರ್ ಹುಟ್ಟಿಸಬಹುದು. ವರ್ಕರ್‌ನಲ್ಲಿ ಆರ್ಗಾನ್2 ನಡೆಸಿ 32 ಬೈಟ್‌ಗಳನ್ನು ಪುಟಕ್ಕೆ ಕಳುಹಿಸಿ, ಅಲ್ಲಿ ವೆಬ್ ಕ್ರಿಪ್ಟೋದಿಂದ ಹೊರತೆಗೆಯಲಾಗದ ಕೀಲಿಯಾಗಿ ಆಮದು ಮಾಡಿಕೊಂಡು, ಬೈಟ್‌ಗಳ ಮೇಲೆ ಸೊನ್ನೆ ಬರೆದು, ವರ್ಕರನ್ನು ಕೊನೆಗೊಳಿಸಿ. ವೆಬ್‌ಅಸೆಂಬ್ಲಿಯ ಮೆಮೊರಿ ಬೆಳೆಯಬಲ್ಲದು, ಕುಗ್ಗಲಾರದು. ಫ್ರೀ ಎಂದು ಕರೆದರೂ ಆ 80 ಮೆಬಿಬೈಟ್ ಬ್ರೌಸರಿಗೆ ಮರಳುವುದಿಲ್ಲ. ವರ್ಕರ್ ಹೋದರೆ ಮಾತ್ರ ಮೆಮೊರಿಯೂ ಹೋಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಮೂರನೆಯ ಮ್ಯಾನಿಫೆಸ್ಟ್‌ನ ಹಿನ್ನೆಲೆ ಎಂದರೆ ಸರ್ವಿಸ್ ವರ್ಕರ್ ಅಲ್ಲ, ಇವೆಂಟ್ ಪೇಜ್. ಅಲ್ಲಿಂದ ನೇರವಾಗಿ ವೆಬ್ ವರ್ಕರ್ ಹುಟ್ಟಿಸಬಹುದು, ಆದರೆ ಆ ಪುಟವನ್ನೂ ಬ್ರೌಸರ್ ನಿಲ್ಲಿಸಬಹುದು ಎಂಬುದು ನೆನಪಿರಲಿ.

ಇನ್ನೊಂದು ಸಂಗತಿ. ಕ್ರೋಮ್‌ನಲ್ಲಿ ರನ್‌ಟೈಮ್ ಸಂದೇಶಗಳು ವಾಡಿಕೆಯಾಗಿ ಜೇಸನ್ ಆಗಿ ಸಾಗುತ್ತವೆ. ಯುಇಂಟ್8ಅರೇಯನ್ನು ಹಾಗೆಯೇ ಕಳುಹಿಸಿದರೆ ಆ ಕಡೆ ಅರೇ ತಲುಪುವುದಿಲ್ಲ, ‘0’, ‘1’, ‘2’ ಎಂಬ ಹೆಸರುಗಳುಳ್ಳ ಸಾದಾ ಆಬ್ಜೆಕ್ಟ್ ತಲುಪುತ್ತದೆ, ಅದಕ್ಕೆ ಲೆಂತ್ ಎಂಬುದೇ ಇರುವುದಿಲ್ಲ. ಎನ್‌ಕ್ರಿಪ್ಟ್ ಆದ ಟಿಪ್ಪಣಿಗಳನ್ನು ಬೇಸ್64 ಸ್ಟ್ರಿಂಗ್ ಮಾಡಿ ಕಳುಹಿಸಿ. ಪುಟ ಮತ್ತು ವರ್ಕರ್‌ಗಳ ನಡುವಿನ ಪೋಸ್ಟ್‌ಮೆಸೇಜ್‌ಗೆ ಈ ತೊಂದರೆಯಿಲ್ಲ.

ಉತ್ತರ 5

ಪ್ರಕಟಿಸುವ ಮುನ್ನ ತಿಳಿದಿರಬೇಕಾದ ನಿಯಮಗಳನ್ನು ಸೇರಿಸುತ್ತೇನೆ. ವೆಬ್‌ಅಸೆಂಬ್ಲಿ ಫೈಲ್ ಎಕ್ಸ್‌ಟೆನ್ಶನ್ನಿನ ಪ್ಯಾಕೇಜಿನೊಳಗೇ ಇರಬೇಕು. ಮೂರನೆಯ ಮ್ಯಾನಿಫೆಸ್ಟ್‌ನಲ್ಲಿ ಹೊರಗಿನ ಸರ್ವರಿನಿಂದ ಕೋಡನ್ನು ತಂದು ನಡೆಸುವಂತಿಲ್ಲ, ಕ್ರೋಮ್ ವೆಬ್ ಸ್ಟೋರ್ ಈ ವಿಷಯದಲ್ಲಿ ವೆಬ್‌ಅಸೆಂಬ್ಲಿಯನ್ನೂ ಕೋಡೆಂದೇ ಪರಿಗಣಿಸುತ್ತದೆ. ಫೈರ್‌ಫಾಕ್ಸ್‌ನ ಆಡ್-ಆನ್ ತಾಣಕ್ಕೆ ಕಂಪೈಲ್ ಆದ ಕೋಡನ್ನು ಸಲ್ಲಿಸುವಾಗ ಮೂಲ ಕೋಡನ್ನೂ, ಅದನ್ನು ಕಂಪೈಲ್ ಮಾಡುವ ಹಂತಗಳ ವಿವರವನ್ನೂ ಕೊಡಬೇಕು. ಪರಿಶೀಲಕರು ತಾವೇ ಕಂಪೈಲ್ ಮಾಡಿ, ತಮಗೆ ಸಿಕ್ಕ ಫೈಲೂ ನೀವು ಕೊಟ್ಟ ಫೈಲೂ ಒಂದೇ ಎಂದು ನೋಡುತ್ತಾರೆ. ಎಮ್‌ಸ್ಕ್ರಿಪ್ಟನ್‌ನ ಆವೃತ್ತಿ ಬದಲಾದರೆ ಹೊರಬರುವ ಬೈಟ್‌ಗಳೂ ಬದಲಾಗುತ್ತವೆ, ಆದ್ದರಿಂದ ಆವೃತ್ತಿಯ ಸಂಖ್ಯೆಯನ್ನು ನಿಖರವಾಗಿ ಬರೆದಿಡಿ. ಎಮ್‌ಸ್ಕ್ರಿಪ್ಟನ್‌ನ ಸಿದ್ಧ ಡಾಕರ್ ಇಮೇಜ್ (ಬೇಕಾದ ಉಪಕರಣಗಳೆಲ್ಲ ಒಳಗೇ ಇರುವ ಕಟ್ಟು) ಇದೆ, ಅದರ ನಿರ್ದಿಷ್ಟ ಆವೃತ್ತಿಯೊಂದನ್ನು ಹೆಸರಿಸಿ ಅದರೊಳಗೇ ಕಂಪೈಲ್ ಮಾಡಿದರೆ ನಿಮಗೂ ಪರಿಶೀಲಕರಿಗೂ ಒಂದೇ ಫೈಲ್ ಸಿಗುತ್ತದೆ. ನನ್ನದೊಂದು ಎಕ್ಸ್‌ಟೆನ್ಶನ್ ಹಿಂದೆ ತಿರಸ್ಕೃತವಾದದ್ದು ಈ ಒಂದು ಸಾಲನ್ನು ಬರೆಯದೆ ಹೋದುದರಿಂದ.

ಆವೃತ್ತಿ ಬದಲಿಸಿದಾಗ ಫಂಕ್ಷನ್‌ಗಳ ತಾತ್ಕಾಲಿಕ ಮೌಲ್ಯಗಳಿಗಿರುವ ಜಾಗವಾದ ಸ್ಟಾಕ್‌ನ ಅಳತೆಯನ್ನೂ ಗಮನಿಸಿ. ಎಮ್‌ಸ್ಕ್ರಿಪ್ಟನ್ 3.1.27ರಲ್ಲಿ ವಾಡಿಕೆಯ ಸ್ಟಾಕ್ 5 ಮೆಗಾಬೈಟ್‌ನಿಂದ 64 ಕಿಲೋಬೈಟ್‌ಗೆ ಇಳಿಯಿತು. ಆರ್ಗಾನ್2 ಸ್ಟಾಕ್ ಮೇಲೆ ಕೆಲವೇ ಕಿಲೋಬೈಟ್ ಇಡುವುದರಿಂದ ನಿಮಗೆ ತೊಂದರೆಯಾಗದು, ಬೇರೆ ಲೈಬ್ರರಿಗಳನ್ನು ಸೇರಿಸಿದಾಗ ಇದನ್ನು ನೋಡಿಕೊಳ್ಳಿ.

ಪ್ರಶ್ನಿಸಿದವರು

ಎಲ್ಲರ ಸಲಹೆಗಳನ್ನೂ ಅಳವಡಿಸಿದೆ. ಆಫ್‌ಸ್ಕ್ರೀನ್ ಪುಟದೊಳಗಿನ ವರ್ಕರ್‌ನಲ್ಲಿ ಕೀಲಿ ತಯಾರಾಗುತ್ತಿದೆ, ತಪ್ಪು ಪಾಸ್‌ವರ್ಡಿಗೆ ಟಿಪ್ಪಣಿ ತೆರೆಯುತ್ತಿಲ್ಲ. ಆದರೆ ಆರ್‌ಎಫ್‌ಸಿ 9106ರಲ್ಲಿರುವ ಮಾದರಿ ಉದಾಹರಣೆಯೊಡನೆ ಹೋಲಿಸಿದರೆ ನನ್ನ ಫಲಿತಾಂಶ ಹೊಂದುತ್ತಿಲ್ಲ. ಅಲ್ಲಿ ಆರ್ಗಾನ್2ಐಡಿಯ ಉತ್ತರ ‘0ಡಿ 64 0ಡಿ ಎಫ್5’ ಎಂದು ಆರಂಭವಾಗುತ್ತದೆ, ನನ್ನದು ಬೇರೆಯೇ ಬರುತ್ತಿದೆ. ಇನ್ನೂ ಏನೋ ತಪ್ಪಿದೆಯೇ?

ಉತ್ತರ 4 ಬರೆದವರು

ತಪ್ಪಿರಲಾರದು. ಆ ಉದಾಹರಣೆಯಲ್ಲಿ ಪಾಸ್‌ವರ್ಡ್ ಮತ್ತು ಸಾಲ್ಟ್ ಅಲ್ಲದೆ 8 ಬೈಟ್‌ಗಳ ಗುಪ್ತ ಮೌಲ್ಯವೂ 12 ಬೈಟ್‌ಗಳ ಹೆಚ್ಚುವರಿ ದತ್ತಾಂಶವೂ ಸೇರಿವೆ. ನೀವು ಕರೆಯುತ್ತಿರುವ ‘ಆರ್ಗಾನ್2ಐಡಿ ಹ್ಯಾಶ್ ರಾ’ ಫಂಕ್ಷನ್ ಆ ಎರಡನ್ನೂ ತೆಗೆದುಕೊಳ್ಳುವುದೇ ಇಲ್ಲ. ಆ ಉದಾಹರಣೆಯನ್ನು ಪರೀಕ್ಷಿಸಲು ‘ಆರ್ಗಾನ್2 ಸಿಟಿಎಕ್ಸ್’ ಎಂಬ ಫಂಕ್ಷನ್ನಿಗೆ ಕಾಂಟೆಕ್ಸ್ಟ್ ಸ್ಟ್ರಕ್ಚರ್ ತುಂಬಿಸಿ ಕೊಡಬೇಕು, 32 ಕಿಬಿಬೈಟ್, ಮೂರು ಸುತ್ತು, ನಾಲ್ಕು ಲೇನ್ ಎಂಬ ಅಲ್ಲಿನ ಅಳತೆಗಳನ್ನೇ ಇಡಬೇಕು. ನಿಮ್ಮ ನಿತ್ಯದ ಹಾದಿಯನ್ನು ಪರೀಕ್ಷಿಸಲು ಅದೇ ಮೂಲ ಕೋಡನ್ನು ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿ, ಒಂದೇ ಪಾಸ್‌ವರ್ಡ್, ಒಂದೇ ಸಾಲ್ಟ್ ಕೊಟ್ಟು ಎರಡೂ ಕಡೆಯ 32 ಬೈಟ್‌ಗಳನ್ನು ಹೋಲಿಸಿ. ಕನ್ನಡದ ಪಾಸ್‌ವರ್ಡ್ ಒಂದನ್ನೂ, ಬಹಳ ಉದ್ದವಾದ ಒಂದನ್ನೂ ಆ ಪರೀಕ್ಷೆಯಲ್ಲಿ ಸೇರಿಸಿ.

ಪ್ರಶ್ನಿಸಿದವರು

ಎರಡನ್ನೂ ಮಾಡಿದೆ. ಸಿಟಿಎಕ್ಸ್ ಮೂಲಕ ಕರೆದಾಗ ಆರ್‌ಎಫ್‌ಸಿಯ 32 ಬೈಟ್‌ಗಳು ಒಂದೂ ತಪ್ಪದೆ ಬಂದವು. ಲಿನಕ್ಸ್‌ನ ಕೀಲಿಗಳೂ ಬ್ರೌಸರಿನ ಕೀಲಿಗಳೂ ಕೊಟ್ಟ ಎಲ್ಲ ಪಾಸ್‌ವರ್ಡ್‌ಗಳಿಗೂ ಹೊಂದಿದವು, ‘ಕನ್ನಡ’ಕ್ಕೂ ‘ಕಮಲಗಳ’ಕ್ಕೂ ಈಗ ಬೇರೆ ಬೇರೆ ಕೀಲಿಗಳಿವೆ. ಈ ಹೋಲಿಕೆಯನ್ನು ಪ್ರತಿ ಬಾರಿ ಕಂಪೈಲ್ ಮಾಡಿದಾಗಲೂ ತಾನಾಗಿ ನಡೆಯುವಂತೆ ಇಟ್ಟಿದ್ದೇನೆ, ಒಂದು ಬೈಟ್ ಬದಲಾದರೂ ಪ್ಯಾಕೇಜ್ ತಯಾರಾಗುವುದಿಲ್ಲ.